ಹದಿನಾಲ್ಕನೆಯ ಪ್ಯಾರಾ

ಮಲೇಷ್ಯಾಕ್ಕೆ ಹೋಗಿಬಂದೆ ಎಂದರೆ ಸಾಕು, ನಮ್ಮ ಬಡಾವಣೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಆ ಜೋಡಿ ಗೋಪುರ ನೋಡಿದಿರಾ? ನೋಡಿದೆ ಎನ್ನುತ್ತೇನೆ. ಸುಳ್ಳಲ್ಲ. ಕಾರಿನ ಕಿಟಕಿಯಿಂದ, ಎರಡು ಫ್ಲೈಓವರ್‌ಗಳ ನಡುವೆ, ಒಂದು ನಿಮಿಷ ಕಂಡವು. ಆರು ದಿನಗಳಲ್ಲಿ ನಾನು ನಿಂತು ನೋಡಿದ್ದು ಒಂದೇ ಒಂದನ್ನು. ಅದು ಕ್ಲಾಂಗ್ ಬಂದರಿನ ಹತ್ತಿರದ ಒಂದು ತಗಡಿನ ಬಾಗಿಲು. ಅದನ್ನೂ ಸರಿಯಾಗಿ ನೋಡಲಿಲ್ಲ ಎಂಬುದು ಊರಿಗೆ ಬಂದ ಮೇಲೆ ಗೊತ್ತಾಯಿತು.

ನಾನು ಮೂವತ್ತೊಂದು ವರ್ಷ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವಳು. ಮೊದಲು ಮಂಗಳೂರಿನಲ್ಲಿ, ಆಮೇಲೆ ಮೈಸೂರಿನಲ್ಲಿ. ಸಿಲಬಸ್ಸಿನಲ್ಲಿ ಏನೇ ಇರಲಿ, ನನ್ನ ಮನಸ್ಸು ಹೋಗಿ ನಿಲ್ಲುತ್ತಿದ್ದದ್ದು ಇಂಗ್ಲೆಂಡಿನ ಸಮಾಜವಾದಿಗಳ ಬಳಿ. ಗಿರಣಿಯ ಯಜಮಾನನಾಗಿದ್ದುಕೊಂಡೇ ಕೂಲಿಕಾರರ ಮಕ್ಕಳಿಗೆ ಶಾಲೆ ತೆರೆದವನು, ಕಲಬೆರಕೆ ಇಲ್ಲದ ಹಿಟ್ಟು ಮಾರಲು ಕೂಡಿ ಅಂಗಡಿ ಹಾಕಿದ ನೇಕಾರರು, ದುಡಿಮೆಯಲ್ಲಿ ಸಂತೋಷ ಇರಬೇಕು ಎಂದು ಹಟ ಹಿಡಿದ ಕುಶಲಕರ್ಮಿಗಳು, ಕೊನೆಗೆ ಲಂಡನ್ನಿನ ದಿವಾನಖಾನೆಗಳಲ್ಲಿ ಕೂತು ಬಡವರ ಬದುಕಿನ ವಿವರ ಕಲೆಹಾಕಿದ ವಿದ್ಯಾವಂತರು. ಈ ಕೊನೆಯವರು ನನಗೆ ಅಚ್ಚುಮೆಚ್ಚು. ಅವಸರ ಬೇಡ, ಮೊದಲು ಸಂಗತಿಗಳನ್ನು ಕೂಡಿಸಿ, ಯಾರೂ ಅಲ್ಲಗಳೆಯಲಾಗದ ವರದಿ ಬರೆಯಿರಿ, ಸರಕಾರ ತಾನಾಗಿಯೇ ದಾರಿಗೆ ಬರುತ್ತದೆ ಎಂಬುದು ಅವರ ನಂಬಿಕೆ. ತಮ್ಮ ಬಳಗದ ಗುರುತಾಗಿ ಅವರು ಇಟ್ಟುಕೊಂಡದ್ದು ಆಮೆಯನ್ನು. ಪ್ರತಿ ವರ್ಷ ಆ ಪಾಠ ಬಂದಾಗ ನಾನು ಕರಿಹಲಗೆಯ ಮೇಲೆ ಒಂದು ಆಮೆ ಬರೆಯುತ್ತಿದ್ದೆ. ಹುಡುಗರು ನನಗೆ ಆಮೆ ಮೇಡಂ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದವಳಂತೆ ನಟಿಸಿ ಒಳಗೊಳಗೇ ಖುಷಿಪಡುತ್ತಿದ್ದೆ.

ಸಿಪ್ರಿಯನ್ ಆ ಮಂಗಳೂರಿನ ದಿನಗಳ ಹುಡುಗ. ಈಗ ಐವತ್ತರ ಹತ್ತಿರ. ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಒಂದು ಕಚೇರಿಯಲ್ಲಿ ಮ್ಯಾನೇಜರ್. ಮನೆ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಅಲ್ಲಿ ಹತ್ತು ಹನ್ನೆರಡು ಜನರನ್ನು ಸೇರಿಸಿ ಒಂದು ಓದು ಬಳಗ ಕಟ್ಟಿದ್ದಾನೆ. ಪ್ರತಿ ಭಾನುವಾರ ಮಧ್ಯಾಹ್ನ ಅದೇ ಇಂಗ್ಲೆಂಡಿನವರ ಚಿಂತನೆ ಓದುತ್ತಾರೆ, ನಾನು ಕಾಲೇಜಿನಲ್ಲಿ ಕಲಿಸಿದ ಪದ್ಧತಿಯಲ್ಲೇ ಸಭೆ ನಡೆಸುತ್ತಾರೆ. ಮೊದಲು ಹಿಂದಿನ ಸಭೆಯ ನಡವಳಿ ಓದಬೇಕು, ತಿದ್ದುಪಡಿ ಇದೆಯೇ ಎಂದು ಕೇಳಬೇಕು, ಒಪ್ಪಿಗೆಯಾಗಿ ಅಧ್ಯಕ್ಷರ ಸಹಿ ಬಿದ್ದ ಮೇಲೆಯೇ ಮುಂದಿನ ಮಾತು.

ಓದಿದ್ದು ಸಾಲದೆಂದು ಕಳೆದ ವರ್ಷ ಈ ಬಳಗ ಒಂದು ಕೆಲಸಕ್ಕೆ ಕೈ ಹಾಕಿತು. ಬಂದರಿನ ಬಳಿಯ ಒಂದು ಗೋದಾಮಿನ ಕೂಲಿಯವರು ಹೇಗೆ ಬದುಕುತ್ತಾರೆ ಎಂದು ಭಾನುವಾರಗಳಲ್ಲಿ ಅವರ ಜೊತೆ ಕೂತು ಕೇಳಿ ವರದಿ ಬರೆದರು. ಕರಡನ್ನು ತಿದ್ದಿಕೊಡಿ ಎಂದು ನನಗೆ ಕಳಿಸಿದರು. ಅದರ ಹದಿನಾಲ್ಕನೆಯ ಪ್ಯಾರಾದಲ್ಲಿ ಒಂದು ಮಾತಿತ್ತು: ರಾತ್ರಿ ಹತ್ತಕ್ಕೆ ಕೂಲಿಯವರು ಮಲಗುವ ಷೆಡ್ಡಿಗೆ ಹೊರಗಿನಿಂದ ಬೀಗ ಹಾಕುತ್ತಾರೆ, ಕೀಲಿಕೈ ಆಚೆಯ ಕಟ್ಟಡದ ಕಾವಲುಗಾರನ ಬಳಿ ಇರುತ್ತದೆ. ಇದನ್ನು ಹೇಳಿದವನು ಹನುಮಂತ ಎಂಬ ಒಬ್ಬನೇ.

ಆ ಕರಡು ನನ್ನ ಮೇಜಿನ ಮೇಲೆ ಒಂದೂವರೆ ತಿಂಗಳು ಕೂತಿತ್ತು. ಕಣ್ಣಿನ ಪೊರೆಯ ಆಪರೇಷನ್ ಆಯಿತು, ತಂಗಿಯ ಮಗಳ ಮದುವೆ ಬಂತು. ಕೊನೆಗೆ ಕೆಂಪು ಪೆನ್ನಿನಿಂದ ತಿದ್ದಿ, ಹದಿನಾಲ್ಕನೆಯ ಪ್ಯಾರಾದ ಪಕ್ಕದಲ್ಲಿ ಹೀಗೆ ಬರೆದು ಕಳಿಸಿದೆ: ಒಬ್ಬನ ಮಾತು ಪುರಾವೆಯಲ್ಲ. ಇನ್ನೊಬ್ಬ ಸಾಕ್ಷಿ ಸಿಗುವವರೆಗೆ ವರದಿಯನ್ನು ಯಾರಿಗೂ ಕೊಡಬೇಡಿ. ಅವಸರವಿಲ್ಲ. ಬರೆದು ಮುಗಿಸಿದಾಗ ಒಳ್ಳೆಯ ಮೇಷ್ಟರ ಕೆಲಸ ಮಾಡಿದೆ ಎಂಬ ತೃಪ್ತಿ ಇತ್ತು. ಕೆಲವು ವಾರಗಳಲ್ಲೇ ಸಿಪ್ರಿಯನ್ ಕರೆದ, ಬಳಗದಲ್ಲಿ ಒಂದು ಉಪನ್ಯಾಸ ಕೊಡಬೇಕು ಎಂದು ಟಿಕೆಟ್ ಕಳಿಸಿದ.

ವಿಮಾನ ನಿಲ್ದಾಣ, ಬುಧವಾರ

ನನ್ನ ಪೆಟ್ಟಿಗೆಯನ್ನು ಯಂತ್ರದಲ್ಲಿ ನೋಡಿದ ಕಸ್ಟಮ್ಸ್ ಹೆಣ್ಣುಮಗಳಿಗೆ ಅನುಮಾನ ಬಂತು. ತೆರೆಸಿದಳು. ಚಟ್ನಿಪುಡಿ, ಎರಡು ಸೀರೆ, ಉಳಿದದ್ದೆಲ್ಲ ಕಾಗದ. ನಲವತ್ತು ಪುಟದ ಉಪನ್ಯಾಸದ ಟಿಪ್ಪಣಿಯನ್ನು ಕೈಯಲ್ಲಿ ಹಿಡಿದು ಟೀಚರಾ ಎಂದು ಕೇಳಿದಳು. ಹೌದು ಎಂದು ಸುಮ್ಮನಿರಬೇಕಿತ್ತು. ನಾನು ವಿಷಯ ಏನು, ಕಾಲಘಟ್ಟ ಯಾವುದು ಎಂದು ವಿವರಿಸಲು ಶುರುಮಾಡಿದೆ. ಆಕೆ ತಲೆಗೆ ಸುತ್ತಿದ ವಸ್ತ್ರವನ್ನು ಸರಿಮಾಡಿಕೊಂಡು ಎರಡು ವಾಕ್ಯ ಕೇಳಿ, ನಕ್ಕು, ಪೆಟ್ಟಿಗೆಯನ್ನು ತಾನೇ ಮುಚ್ಚಿದಳು. ಚಟ್ನಿಪುಡಿಯ ಡಬ್ಬಿ ಸಡಿಲವಾಗಿ ಮುಚ್ಚಿತ್ತು ಎಂಬುದು ಮನೆಗೆ ಹೋಗಿ ತೆರೆದಾಗ ತಿಳಿಯಿತು. ಇಂಗ್ಲೆಂಡಿನ ಸಮಾಜವಾದದ ಮೇಲೆಲ್ಲ ಹುರಿಗಡಲೆ ಇಂಗು ಚೆಲ್ಲಿತ್ತು.

ಸಿಪ್ರಿಯನ್ ಬಂದಿದ್ದ. ಕಾಲು ಮುಟ್ಟಿ ನಮಸ್ಕಾರ ಮಾಡಿ ಪೆಟ್ಟಿಗೆ ಎತ್ತಿಕೊಂಡ. ತಲೆ ನರೆತಿತ್ತು. ನನ್ನ ತರಗತಿಯಲ್ಲಿ ಬಾಯಿ ಮುಚ್ಚದವನು ಕಾರಿನಲ್ಲಿ ಅರ್ಧ ಗಂಟೆ ಮಾತೇ ಆಡಲಿಲ್ಲ. ದಾರಿಯ ಎರಡೂ ಕಡೆ ಎಣ್ಣೆತಾಳೆಯ ತೋಟ, ಸೈನಿಕರನ್ನು ನಿಲ್ಲಿಸಿದ ಹಾಗೆ ಒಂದೇ ಎತ್ತರ, ಒಂದೇ ಅಂತರ. ದಾರಿಯಲ್ಲಿ ಒಂದು ಮಾಮಕ್‌ನಲ್ಲಿ ನಿಲ್ಲಿಸಿದ. ತಮಿಳು ಮುಸಲ್ಮಾನರು ನಡೆಸುವ ಚಹಾದಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಸಕ್ಕರೆ ಬೇಡ ಎಂದು ಮೂರು ಸಲ ಹೇಳಿದರೂ ಗಟ್ಟಿ ಹಾಲು ಹಾಕಿದ ಪಾಯಸದಂಥ ಚಹಾ ಬಂತು.

ವರದಿ ಕಳಿಸಿದಿರಾ ಎಂದು ಕೇಳಿದೆ. ಅವನು ಲೋಟ ತಿರುಗಿಸುತ್ತ ಕೂತ.

"ನಾಳೆ ಮಾತಾಡುವ ಮೇಡಂ. ನಿಮಗೆ ಬಚ್ಚಿದೆ," ಎಂದ.

ದಣಿದಿದೆ ಎಂಬುದಕ್ಕೆ ಕರಾವಳಿಯವರ ಮಾತು ಅದು. ಕೇಳಿ ಎಷ್ಟೋ ವರ್ಷವಾಗಿತ್ತು. ಆ ಮಾತಿನ ಖುಷಿಯಲ್ಲಿ ಅವನ ಮುಖ ನೋಡುವುದನ್ನು ಮರೆತೆ.

ಬ್ರಿಕ್‌ಫೀಲ್ಡ್ಸ್, ಗುರುವಾರ

ಬ್ರಿಕ್‌ಫೀಲ್ಡ್ಸ್‌ನಲ್ಲಿ ಪರದೇಶ ಎನಿಸುವುದೇ ಇಲ್ಲ. ಮಲ್ಲಿಗೆ ಮಾರುವವರು, ಬಾಳೆಎಲೆಯ ಊಟ, ಸೀರೆ ಅಂಗಡಿಯ ಹೊರಗೆ ಕೂಗಿ ಕರೆಯುವ ಹೆಂಗಸರು. ಆದರೆ ಫುಟ್‌ಪಾತಿನ ಮೇಲೆ ಉಬ್ಬು ಗೆರೆಗಳಿರುವ ಹಳದಿ ಹಂಚು ಹಾಸಿದ್ದಾರೆ. ಅಲ್ಲಿ ಕುರುಡರು ಬಹಳ. ಬಿಳಿ ಕೋಲು ಹಿಡಿದು ಆ ಹಂಚಿನ ಮೇಲೆ ಯಾರ ಹಂಗೂ ಇಲ್ಲದೆ ಸರಸರ ನಡೆಯುತ್ತಾರೆ. ನಮ್ಮ ದೇವರಾಜ ಅರಸು ರಸ್ತೆಯಲ್ಲಿ ಕಣ್ಣಿದ್ದವರೂ ಹಾಗೆ ನಡೆಯಲಾರರು ಎಂದುಕೊಂಡು ಮೆಚ್ಚುತ್ತಿರುವಾಗಲೇ, ಹೊಸದಾಗಿ ಪೊರೆ ತೆಗೆಸಿದ ನನ್ನ ಕಣ್ಣು ಆ ಉಬ್ಬನ್ನು ಸರಿಯಾಗಿ ಅಳೆಯಲಿಲ್ಲ. ಕಾಲು ಉಳುಕಿ ಕೂತುಬಿಟ್ಟೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದವನು ಒಬ್ಬ ಕುರುಡ. ನಾಚಿಕೆಯಾಯಿತು.

ಕುಂಟುತ್ತ ಹೋದದ್ದು ಆರುಮುಗಂ ಅವರ ಮನೆಗೆ. ಬಳಗದ ಅಧ್ಯಕ್ಷರು ಅವರು. ಎಂಬತ್ತರ ಸಮೀಪದ ನಿವೃತ್ತ ರೈಲ್ವೆ ನೌಕರ, ಇಲ್ಲಿಯೇ ಹುಟ್ಟಿದ ತಮಿಳರು. ತಮಿಳು, ಇಂಗ್ಲಿಷು, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ ಲಾ ನಡುನಡುವೆ ಸೇರಿಸಿ ಮಾತಾಡುತ್ತಾರೆ. ಸಿಪ್ರಿಯನ್ ಕಚೇರಿಗೆ ಹೋಗಿದ್ದ. ನನ್ನ ಕಾಲಿಗೆ ಎಣ್ಣೆ ತರಿಸಿ ಹಚ್ಚಿಸಿ, ಉಪನ್ಯಾಸದಲ್ಲಿ ಏನು ಹೇಳುತ್ತೀರಿ ಎಂದು ಕೇಳಿದರು.

ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಅಧಿಕಾರಕ್ಕೆ ಬಂದ ಸಮಾಜವಾದಿ ಮಂತ್ರಿಮಂಡಲದಲ್ಲಿ ಮುಗಿಸುತ್ತೇನೆ ಎಂದೆ. ಎಲ್ಲರಿಗೂ ಉಚಿತ ವೈದ್ಯ, ಕೆಲಸ ಕಳೆದುಕೊಂಡವರಿಗೆ ಆಸರೆ. ಅಷ್ಟು ವರ್ಷದ ಓದು, ಬರಹ, ಸಮಿತಿಗಳ ತಾಳ್ಮೆಗೆ ಸಿಕ್ಕ ಫಲ. ಆ ಜಾಗಕ್ಕೆ ಬಂದಾಗ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು ಮಾತಾಡುತ್ತಿದ್ದೆ.

ಅವರು ತಲೆಯಾಡಿಸಿದರು. ಆಮೇಲೆ ಹೇಳಿದರು. ಅದೇ ಮಂತ್ರಿಮಂಡಲ ಲಂಡನ್ನಿನಲ್ಲಿ ಕೂತಿದ್ದಾಗ ಇಲ್ಲಿ ಕಾಡಿನಲ್ಲಿ ಬಂಡಾಯ ಎದ್ದಿತ್ತು. ಬಂಡಾಯದವರಿಗೆ ಅನ್ನ ಸಿಗಬಾರದೆಂದು ಹಳ್ಳಿ, ತೋಟದ ಕೂಲಿಲೈನುಗಳ ಜನರನ್ನು ಎಬ್ಬಿಸಿ ಮುಳ್ಳುತಂತಿಯ ಒಳಗೆ ಕೂಡಿಸಿದರು. ರಬ್ಬರ್ ಕೊಯ್ಯಲು ಹೋಗುವ ಅವರ ತಾಯಿಯನ್ನು ದಿನಾ ಬೆಳಗ್ಗೆ ಗೇಟಿನಲ್ಲಿ ನಿಲ್ಲಿಸಿ, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡಿದ್ದಾಳೆಯೇ ಎಂದು ತಡವಿ ನೋಡುತ್ತಿದ್ದರು. ಕತ್ತಲಾಗುವ ಮೊದಲೇ ಗೇಟಿಗೆ ಬೀಗ. ಒಳಗೆ ಯಾರಿಗೆ ಹೆರಿಗೆ ನೋವು ಬಂದರೂ ಬೆಳಗಾಗುವವರೆಗೆ ಬೀಗ ಬೀಗವೇ. ಆರುಮುಗಂ ಅವರ ಅಕ್ಕ, ಇನ್ನೂ ಚಿಕ್ಕ ಮಗು, ಹಾಗೆಯೇ ಜ್ವರದಲ್ಲಿ ಹೋಯಿತಂತೆ. ಇದೆಲ್ಲ ನಿಮ್ಮ ಟಿಪ್ಪಣಿಯಲ್ಲಿ ಎಷ್ಟನೆಯ ಪುಟದಲ್ಲಿದೆ ಎಂದು ಅವರು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದರು.

ಎಲ್ಲಿಯೂ ಇರಲಿಲ್ಲ. ಮೂವತ್ತೊಂದು ವರ್ಷ, ಒಂದು ಸಾಲೂ ಇರಲಿಲ್ಲ. ಆ ವಿದ್ಯಾವಂತರಲ್ಲಿ ಕೆಲವರು ವಸಾಹತಿನ ಜನ ಇನ್ನೂ ತಯಾರಾಗಿಲ್ಲ, ಅವರಿಗೂ ನಿಧಾನವೇ ಮದ್ದು ಎಂಬ ಧಾಟಿಯಲ್ಲಿ ಬರೆದದ್ದನ್ನು ನಾನು ಓದಿದ್ದೆ. ಪರೀಕ್ಷೆಗೆ ಬರುವುದಿಲ್ಲ ಎಂದು ದಾಟಿಸಿಬಿಡುತ್ತಿದ್ದೆ.

ಆಗ ಆರುಮುಗಂ, ನನಗೆ ವಿಷಯ ಆಗಲೇ ಗೊತ್ತಿದೆ ಎಂದುಕೊಂಡು, ಬೀಗದ ಮಾತು ಬಂದಾಗಲೆಲ್ಲ ಈಗ ಹನುಮಂತನ ನೆನಪಾಗುತ್ತದೆ ಎಂದರು. ಪಾಪ, ಸತ್ತು ಮೂರು ವಾರವಾಯಿತು ಎಂದರು.

ಅದೇ ಸಂಜೆ

ಸಿಪ್ರಿಯನ್ ಮನೆಗೆ ಬಂದವನು ನನ್ನ ಮುಖ ನೋಡಿಯೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತ. ಅವನ ಹೆಂಡತಿ ಮಗಳನ್ನು ಒಳಗೆ ಕರೆದುಕೊಂಡು ಹೋದಳು. ಆ ಮಗು ಕನ್ನಡವನ್ನೆಲ್ಲ ಅರ್ಥಮಾಡಿಕೊಳ್ಳುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅವನು ಹೇಳಿದ್ದು ಇಷ್ಟು. ನನ್ನ ಕೆಂಪು ಪೆನ್ನಿನ ಮಾತಿನಂತೆ ಎರಡನೆಯ ಸಾಕ್ಷಿಗಾಗಿ ಹುಡುಕಿದರು. ಪರ್ಮಿಟ್ ರದ್ದಾದೀತು ಎಂಬ ಹೆದರಿಕೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಾಗೆ ಹುಡುಕುತ್ತಿರುವಾಗಲೇ ಒಂದು ರಾತ್ರಿ ಹನುಮಂತನಿಗೆ ಎದೆನೋವು ಬಂತು. ಒಳಗಿದ್ದವರು ಬಾಗಿಲು ಬಡಿದರು. ಕಾವಲುಗಾರನ ಫೋನು ಯಾರೂ ಎತ್ತಲಿಲ್ಲ. ಬಾಗಿಲು ತೆರೆದದ್ದು ಬೆಳಗ್ಗೆ ಕೆಲಸದ ಹೊತ್ತಿಗೆ, ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಗೋದಾಮಿನವರು ಊರಿಗೆ ಫೋನು ಮಾಡಿ ಆಸ್ಪತ್ರೆಯಲ್ಲಿ ತೀರಿಕೊಂಡ ಎಂದು ಹೇಳಿದರು.

"ನಿಮಗೆ ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲ ಮೇಡಂ. ಈಗ ಸಾಕ್ಷಿಗೇನೂ ಕೊರತೆ ಇಲ್ಲ. ಷೆಡ್ಡಲ್ಲಿದ್ದ ಎಲ್ರೂ ನೋಡಿದ್ದಾರೆ," ಎಂದ.

ನಾನು ಅವನನ್ನು ಬೈದೆ. ಫೋನಿನಲ್ಲಿ ಏಕೆ ಹೇಳಲಿಲ್ಲ, ವರದಿಯನ್ನು ಅಂದೇ ಏಕೆ ಕಳಿಸಲಿಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನೀವು ಕಳಿಸಬೇಡಿ ಅಂದಿದ್ದಿರಿ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬಂದಿದ್ದರೆ ನನ್ನ ಬಗ್ಗೆ ನನಗೇ ಅಷ್ಟು ಅಸಹ್ಯ ಅನಿಸುತ್ತಿರಲಿಲ್ಲ.

ಕ್ಲಾಂಗ್ ಬಂದರು, ಶುಕ್ರವಾರ

ಬಾಗಿಲನ್ನು ನೋಡಲೇಬೇಕು ಎಂದು ಹಟ ಹಿಡಿದೆ. ಶುಕ್ರವಾರ ನಮಾಜಿನ ಕಾರಣ ಮಧ್ಯಾಹ್ನದ ಬಿಡುವು ಉದ್ದ. ಆ ಹೊತ್ತಿಗೆ ಹೋದೆವು. ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿದ ಬೀದಿಗಳು, ಧೂಳು, ಡೀಸೆಲ್ಲಿನ ಹೊಗೆ. ಸಮುದ್ರ ಎಲ್ಲಿಯೋ ಇರಬೇಕು, ಕಾಣಲಿಲ್ಲ. ಮಂಗಳೂರಿನ ಹಳೆ ಬಂದರಿನಲ್ಲಿ ಮೀನಿನ ವಾಸನೆಯ ನಡುವೆ ಬೈಗುಳವಾದರೂ ಕೇಳುತ್ತದೆ, ಇಲ್ಲಿ ಮನುಷ್ಯರ ಸದ್ದೇ ಇಲ್ಲ.

ಒಂದು ಚಹಾದಂಗಡಿಯಲ್ಲಿ ಭೀಮಣ್ಣ ಕಾಯುತ್ತಿದ್ದ. ಹನುಮಂತನ ಹೆಂಡತಿ ರೇಣವ್ವನ ತಮ್ಮ. ಗದಗಿನ ಕಡೆಯವನು, ಮೂವತ್ತರ ಆಸುಪಾಸು. ಭಾವ ಮೈದುನ ಇಬ್ಬರೂ ವೆಲ್ಡಿಂಗ್ ಕೆಲಸವೆಂದು ಒಟ್ಟಿಗೆ ಬಂದು ಗೋದಾಮಿನ ಕೂಲಿಗೆ ಬಿದ್ದವರು. ನನ್ನನ್ನು ಕಂಡು ಎದ್ದು ನಿಂತು, ಕುರ್ಚಿ ಒರೆಸಿ ಕೂರಿಸಿದ. ಕೆಲಸದ ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ನೀವ ಏನ್ರಿ ಮೈಸೂರು ಮೇಡಂ? ನಮ್ಮ ಮಾವ ದಿನಾ ನಿಮ್ಮ ಮಾತ ಆಡ್ತಿದ್ದ್ರಿ. ಮೈಸೂರಾಗ ಒಬ್ರು ದೊಡ್ಡ ಮೇಡಂ ಅದಾರ, ಕಾಗದ ಅವ್ರ ಕೈಗೆ ಹೋಗೇತಿ, ಇನ್ನೇನ್ ಬಾಗ್ಲಾ ತಗಸ್ತಾರ ಅಂತಿದ್ದ," ಎಂದ. ಅಕ್ಕನ ಗಂಡನಿಗೆ ಅವರ ಕಡೆ ಮಾವ ಎನ್ನುತ್ತಾರೆ.

ನಾನು ಆಗಲೇ ಹೇಳಬೇಕಿತ್ತು. ಚಹಾ ಕುಡಿದೆ.

ಅವನಿಗೆ ನನ್ನಿಂದ ಒಂದು ಕೆಲಸ ಆಗಬೇಕಿತ್ತು. ಅಕ್ಕನಿಗೆ ಯಾರೂ ನಿಜ ಹೇಳಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅವಳು ಅಳುತ್ತಾಳೆ, ಇವನು ಫೋನು ಇಟ್ಟುಬಿಡುತ್ತಾನೆ. ಬರೆಯೋಣವೆಂದರೆ ಅಕ್ಷರ ನೆಟ್ಟಗಿಲ್ಲ. ನೀವು ಓದಿದವರು, ನಡೆದದ್ದು ನಡೆದ ಹಾಗೆ ಒಂದು ಕಾಗದ ಬರೆದುಕೊಡಿ ಎಂದು ಕೇಳಿದ. ಬರೆದುಕೊಡುತ್ತೇನೆ ಎಂದೆ. ನಡೆದದ್ದರಲ್ಲಿ ನಾನೂ ಇದ್ದೇನೆ ಎಂಬುದು ಆ ಮೇಜಿನಲ್ಲಿ ನನಗೂ ಸಿಪ್ರಿಯನ್‌ಗೂ ಮಾತ್ರ ಗೊತ್ತಿತ್ತು.

ಆಮೇಲೆ ಬಾಗಿಲು ತೋರಿಸಿದ. ರಸ್ತೆಯ ಪಕ್ಕದ ತಂತಿಬೇಲಿಯಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಉದ್ದನೆಯ ತಗಡಿನ ಷೆಡ್ಡು. ಬಾಗಿಲಿಗೆ ಹೊಸ ಹಸಿರು ಬಣ್ಣ. ಚಿಲಕವಿರಲಿಲ್ಲ, ಬೀಗದ ಕೊಂಡಿಯೂ ಇರಲಿಲ್ಲ. ಕೊಂಡಿ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳು, ಬಣ್ಣ ಬಳಿದರೂ ಮುಚ್ಚಿರಲಿಲ್ಲ. ಷೆಡ್ಡನ್ನು ಖಾಲಿಮಾಡಿಸಿ, ಎಲ್ಲರನ್ನೂ ಹಿಂದಿನ ಸಾಲಿನ ಷೆಡ್ಡುಗಳಿಗೆ ಹಾಕಿದ್ದಾರೆ ಎಂದ. ನಾನು ಪಿಳಿಪಿಳಿ ನೋಡುತ್ತ ನಿಂತೆ. ಮೂವತ್ತೊಂದು ವರ್ಷ ಸಂಗತಿ, ಸಂಗತಿ ಎಂದು ಬಡಿದುಕೊಂಡವಳ ಮುಂದೆ ಸಂಗತಿಯೆಂದು ಉಳಿದದ್ದು ನಾಲ್ಕು ತೂತು.

"ಹಿಂದಿನ ಸಾಲೂ ಒಂದೀಟ ನೋಡಿ ಹೋಗ್ರಿ ಮೇಡಂ," ಎಂದ ಭೀಮಣ್ಣ.

ಬೇಲಿಯನ್ನು ಬಳಸಿಕೊಂಡು ಹೋಗಬೇಕು, ಅರ್ಧ ಮೈಲಿ. ಬಿಸಿಲು ನೆತ್ತಿ ಸುಡುತ್ತಿತ್ತು, ಉಳುಕಿದ ಕಾಲು ಊದಿಕೊಂಡಿತ್ತು. ಮನೆಗೆ ಬಂದವರಿಗೆ ಹಿತ್ತಲನ್ನೂ ತೋರಿಸುವ ಉಪಚಾರದ ಮಾತು ಎಂದುಕೊಂಡೆ. ಇಷ್ಟು ನೋಡಿದ್ದು ಸಾಕಪ್ಪ ಎಂದೆ. ಅವನು ಇನ್ನೊಂದು ಸಲ ಕರೆಯಲಿಲ್ಲ. ದೂರದಲ್ಲಿ ಮೇಲ್ವಿಚಾರಕನೊಬ್ಬ ನಮ್ಮನ್ನೇ ನೋಡುತ್ತಿದ್ದ. ಭೀಮಣ್ಣ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

ಸೀರೆ ಅಂಗಡಿಯ ಮಹಡಿ, ಭಾನುವಾರ

ಬಳಗ ಸೇರುವುದು ಸೀರೆ ಅಂಗಡಿಯೊಂದರ ಮಹಡಿಯ ಮೇಲೆ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ನಡುವೆ ಪ್ಲಾಸ್ಟಿಕ್ ಕುರ್ಚಿ. ಮಾಂಟ್ ಕಿಯಾರಾ ಎಂಬ ಸಿರಿವಂತರ ಬಡಾವಣೆಯಿಂದ ಬಂದ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಎಲ್ಲರಿಗೂ ಚಹಾ ತಪಾವ್ ಮಾಡಿಸಿ ತಂದಿದ್ದರು. ಕಟ್ಟಿಸಿಕೊಂಡು ಹೋಗುವುದಕ್ಕೆ ಅಲ್ಲಿನ ಮಾತು ಅದು. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಚಹಾ ಸುರಿದು ದಾರ ಕಟ್ಟಿ ಕೊಳವೆ ಸಿಕ್ಕಿಸಿ ಕೊಡುತ್ತಾರೆ. ಎಲ್ಲರೂ ಬೆರಳಿಗೆ ಒಂದೊಂದು ಚೀಲ ನೇತುಹಾಕಿಕೊಂಡು ಕೂತಿದ್ದರು. ಬಿಳಿ ಹಲಗೆಯ ಮೇಲೆ ನನ್ನ ಉಪನ್ಯಾಸದ ವಿಷಯ ಬರೆದು, ಕೆಳಗೆ ಯಾರೋ ಪ್ರೀತಿಯಿಂದ ಒಂದು ಆಮೆ ಬಿಡಿಸಿದ್ದರು. ಭೀಮಣ್ಣ ಕೊನೆಯ ಸಾಲಿನಲ್ಲಿದ್ದ. ಸಿಪ್ರಿಯನ್ ಕರೆತಂದಿದ್ದ.

ಆರುಮುಗಂ ಸಭೆ ಶುರುಮಾಡಿದರು. ಸಿಪ್ರಿಯನ್ ನಡವಳಿ ಓದಿದ. ಆ ದಿನ ವರದಿಯ ಮಾತು ಬಂದ ಹಿಂದಿನ ಸಭೆಗಳ ನಡವಳಿಯನ್ನೆಲ್ಲ ಸೇರಿಸಿ ಓದಿದ. ವರದಿ ಮೇಡಂ ಅವರ ಬಳಿ ಇದೆ, ಮುಂದೂಡಲಾಯಿತು. ಎರಡನೆಯ ಸಾಕ್ಷಿ ಸಿಕ್ಕಿಲ್ಲ, ಮುಂದೂಡಲಾಯಿತು. ಮತ್ತೆ ಮುಂದೂಡಲಾಯಿತು. ಹನುಮಂತ ಅವರ ನಿಧನಕ್ಕೆ ಎರಡು ನಿಮಿಷ ಮೌನ ಆಚರಿಸಲಾಯಿತು. ವರದಿಯ ವಿಷಯವನ್ನು ಮೇಡಂ ಬರುವವರೆಗೆ ಮುಂದೂಡಲಾಯಿತು. ಎಲ್ಲ ಒಂದೇ ದನಿಯಲ್ಲಿ, ನಾನು ಕಲಿಸಿದ ದನಿಯಲ್ಲಿ.

ತಿದ್ದುಪಡಿ ಇದೆಯೇ ಎಂದು ಆರುಮುಗಂ ಕೇಳಿದರು. ನಾನು ಕೈ ಎತ್ತಿದೆ. ಏಕೆ ಮುಂದೂಡಲಾಯಿತು ಎಂಬುದನ್ನು ಸೇರಿಸಬೇಕು ಎಂದೆ. ಮೇಡಂ ಆ ಮಾತನ್ನು ನಂಬಲಿಲ್ಲ, ಮೇಡಂ ತಡೆದರು ಎಂದು ಬರೆಯಬೇಕು.

ಸಿಪ್ರಿಯನ್ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಡವಳಿಯಲ್ಲಿ ಕಾರಣ ಬರೀಲಿಕ್ಕಿಲ್ಲ ಮೇಡಂ, ತೀರ್ಮಾನ ಮಾತ್ರ. ನೀವೇ ಕಲಿಸಿದ್ದು," ಎಂದ.

ಹೌದು, ನಾನೇ ಕಲಿಸಿದ್ದು. ಆ ನಿಯಮ ಎಷ್ಟು ಅನುಕೂಲದ್ದು ಎಂದು ಆ ದಿನ ಅರ್ಥವಾಯಿತು. ನಾನು ಪುಸ್ತಕದ ಆಸೆ ಬಿಟ್ಟು ಹಿಂದಕ್ಕೆ ತಿರುಗಿದೆ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತು ಕನ್ನಡದಲ್ಲಿ ಹೇಳಿದೆ.

"ಭೀಮಣ್ಣ, ನಿಮ್ಮ ಮಾವ ಹೇಳಿದ್ದನ್ನ ನಾನು ನಂಬಲಿಲ್ಲ. ಕಾಗದ ಒಂದೂವರೆ ತಿಂಗಳು ನಮ್ಮನೇಲೇ ಬಿದ್ದಿತ್ತು. ಆಮೇಲೂ ಯಾರಿಗೂ ಕೊಡಬೇಡಿ ಅಂತ ತಡೆದೋಳು ನಾನೇ. ಒಬ್ಬರೇ ಹೇಳಿದ್ದಾರೆ, ಇನ್ನೊಬ್ಬರು ಬೇಕು ಅಂದೆ."

ಕನ್ನಡ ಬರುವವರು ತಲೆ ತಗ್ಗಿಸಿದರು, ಬಾರದವರು ಪಕ್ಕದವರ ಮುಖ ನೋಡಿದರು. ಭೀಮಣ್ಣ ತನ್ನ ಕೈ ನೋಡಿಕೊಂಡ. ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಎರಡರಲ್ಲಿ ಯಾವುದಾದರೂ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಆ ಇನ್ನೊಬ್ರು ಅಂತ ಸಿಪ್ರಿಯನ್ ಸರ್ ಕೇಳಿದ್ದ ನನ್ನನ್ರಿ," ಎಂದ. "ಬಾಗ್ಲಾ ಹಾಕೂದ್ನ ದಿನಾ ನೋಡಾಂವ ನಾನು. ಅಂಜಿಕಿ ಬಂತು, ಒಲ್ಲೆ ಅಂದೆ. ಆ ರಾತ್ರಿ ಬಾಗ್ಲಾ ಬಡದಾಂವನೂ ನಾನ."

ಎದ್ದು ನನ್ನ ಕುರ್ಚಿಯ ಹತ್ತಿರ ಬಂದ.

"ಅಕ್ಕಗ ಎರಡೂ ಬರೀರಿ ಮೇಡಂ. ನಿಮ್ದೂ ಬರೀರಿ, ನಂದೂ ಬರೀರಿ. ಖರೇ ಅಂದ್ರ ಇವತ್ತ ಬರೀರಿ."

ಉಪನ್ಯಾಸ ನಡೆಯಲಿಲ್ಲ. ಯಾರೂ ಕೇಳಲಿಲ್ಲ. ಆರುಮುಗಂ ವರದಿಯನ್ನು ಕೈಗೆತ್ತಿಕೊಂಡು, ಒಬ್ಬ ವಕೀಲರ ಮೂಲಕ ನಾಳೆಯೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು ಎಂದು ಚರ್ಚೆಯಿಲ್ಲದೆ ಹೇಳಿದರು. ನಾನು ಅಲ್ಲಿಯೇ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕಾಗದ ಬರೆಯಲು ಕೂತೆ. ಬೇರೆ ಹಾಳೆ ಇರಲಿಲ್ಲ, ಉಪನ್ಯಾಸದ ಟಿಪ್ಪಣಿಯ ಹಿಂಬದಿಯಲ್ಲಿ ಬರೆದೆ. ಇಂಗಿನ ವಾಸನೆ ಇನ್ನೂ ಇತ್ತು. ಬರೆದದ್ದನ್ನು ಭೀಮಣ್ಣನಿಗೆ ಓದಿ ಹೇಳಿದೆ. ತನ್ನ ಮಾತು ಬಂದಲ್ಲಿ, ಒಲ್ಲೆ ಎಂದದ್ದು ಎರಡು ಸಲ ಎಂದು ತಿದ್ದಿಸಿದ.

ಹೊರಡುವಾಗ ಬಳಗದವರು ಒಂದು ಸಣ್ಣ ಪೊಟ್ಟಣ ಕೈಗಿತ್ತರು. ಮೊದಲೇ ಕೊಂಡು ಇಟ್ಟಿದ್ದದ್ದು, ಏನು ಮಾಡುವುದೆಂದು ತೋಚದೆ ಕೊಟ್ಟರು. ಪೊಟ್ಟಣದ ಮೇಲಿಂದ ಮುಟ್ಟಿದರೇ ತಿಳಿಯುತ್ತದೆ: ಲೋಹದ ಆಮೆ, ಬೆನ್ನು ಉಬ್ಬಿದೆ. ಇನ್ನೂ ಬಿಚ್ಚಿಲ್ಲ.

ಮೈಸೂರು

ಕಾಗದವನ್ನು ಬೆಂಗಳೂರಿನ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಮೊದಲೇ ರಿಜಿಸ್ಟರ್ ಮಾಡಿಸಿದೆ. ನನ್ನ ಫೋನ್ ನಂಬರ್ ಕೊನೆಯಲ್ಲಿ ಬರೆದಿದ್ದೆ. ಎರಡು ವಾರವಾದ ಮೇಲೆ ಒಂದು ಮಂಗಳವಾರ ಬೆಳಗ್ಗೆ ರೇಣವ್ವ ಫೋನ್ ಮಾಡಿದಳು. ತಣ್ಣಗಿನ ದನಿ.

ಕಾಗದ ಮುಟ್ಟಿದೆ, ಮಗಳ ಕೈಯಲ್ಲಿ ಎರಡು ಸಲ ಓದಿಸಿದೆ ಎಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಅದನ್ನು ಅಲ್ಲಿಗೇ ಬಿಟ್ಟು, ಆ ವರದಿ ಈಗ ಯಾರ ಕೈಯಲ್ಲಿದೆ ಎಂದು ಕೇಳಿದಳು. ಕಚೇರಿಗೆ ತಲುಪಿದೆ, ಪರಿಶೀಲಿಸುತ್ತಿದ್ದಾರಂತೆ ಎಂದೆ. ಹೇಳುವಾಗಲೇ ನಾಲಿಗೆ ಕಹಿಯಾಯಿತು.

"ಹಂಗಾರ ಉಳದವರ ಬಾಗ್ಲಾ ಈಗ ತೆಗದ ಇರ್ತೈತೇನ್ರಿ?" ಎಂದಳು. "ನಮ್ಮ ತಮ್ಮ ಅಲ್ಲೇ ಮಲಗ್ತಾನ್ರಿ."

ಹೌದಮ್ಮ, ಕೊಂಡಿ ಕಿತ್ತುಹಾಕಿದ್ದಾರೆ, ನಾನೇ ಕಣ್ಣಾರೆ ನೋಡಿದೆ ಎನ್ನಲು ಹೊರಟವಳಿಗೆ ಮಾತು ನಿಂತಿತು. ನಾನು ನೋಡಿದ್ದು ಖಾಲಿ ಷೆಡ್ಡಿನ ಬಾಗಿಲು. ಭೀಮಣ್ಣ ಮಲಗುವುದು ಹಿಂದಿನ ಸಾಲಿನಲ್ಲಿ. ಒಂದೀಟು ನೋಡಿ ಹೋಗಿ ಎಂದು ಅವನು ಕರೆದದ್ದು ಉಪಚಾರಕ್ಕಲ್ಲ. ಮೇಲ್ವಿಚಾರಕನ ಕಣ್ಣೆದುರು ಅಷ್ಟೇ ಹೇಳಲು ಅವನಿಗೆ ಧೈರ್ಯವಿತ್ತು, ಉಳಿದದ್ದನ್ನು ನಾನು ನೋಡಿಕೊಳ್ಳಬೇಕಿತ್ತು. ನಾನು ಕಾಲು ನೋಯುತ್ತದೆ ಎಂದು ತಿರುಗಿ ಬಂದಿದ್ದೆ.

ಗೊತ್ತಿಲ್ಲಮ್ಮ, ಈಗಲೇ ಕೇಳಿ ಹೇಳುತ್ತೇನೆ ಎಂದೆ. ಅವಳು ಆಯಿತು ಎಂದಳು.

ಭಾನುವಾರದವರೆಗೆ ಕಾಯಲಿಲ್ಲ. ಸಿಪ್ರಿಯನ್ ಕಚೇರಿಯಲ್ಲಿ ಮೀಟಿಂಗಿನಲ್ಲಿದ್ದ, ಎಬ್ಬಿಸಿ ಕಳಿಸಿದೆ. ಬೇಲಿ ಬಳಸಿ ಹಿಂದಿನ ಸಾಲಿಗೆ ಹೋಗು, ಯಾರನ್ನೂ ಕೇಳಬೇಡ, ನಿನ್ನ ಕಣ್ಣಿನಿಂದ ನೋಡು ಎಂದೆ. ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಸಂಜೆಯ ಹೊತ್ತಿಗೆ ಒಂದು ಫೋಟೋ ಬಂತು. ತಗಡಿನ ಬಾಗಿಲು, ಹೊರಗಡೆ ಕೊಂಡಿ, ಕೊಂಡಿಯಲ್ಲಿ ತೂಗುವ ಬೀಗ. ಬೀಗ ಹೊಸದು. ಅದರ ಕೆಳಗೆ ಸಿಪ್ರಿಯನ್ ಬರೆದಿದ್ದ: "ಹಾಕ್ಲಿಕ್ಕೆ ಯಾರು ಬರ್ತಾರೆ ನೋಡುವ ಮೇಡಂ. ನಾನು ಬಾಗಿಲಿಗೆ ಅಡ್ಡ ಕೂತಿದ್ದೇನೆ."